ಅಳಿಯನಿಗೊಂದು ಕೋಣೆ

ಬಂಟ್ವಾಳ ಪೇಟೆಯಲ್ಲಿ ಆಸ್ಯಮ್ಮನಷ್ಟು ತೆಳ್ಳಗೆ ಪತ್ತಿರಿ ತಟ್ಟುವ ಹೆಂಗಸು ಇನ್ನೊಬ್ಬಳಿರಲಿಲ್ಲ ಎಂದರೆ ಉಳಿದವರಿಗೆ ಸಿಟ್ಟು ಬಂದೀತು. ಬರಲಿ, ಇದ್ದದ್ದನ್ನು ಹೇಳಬೇಕಲ್ಲ. ಆದರೆ ಆ ಅಕ್ಕಿರೊಟ್ಟಿಯನ್ನು ಕೋಳಿ ಸಾರಿನಲ್ಲಿ ಅದ್ದಿ ತಿಂದು ಕೈತೊಳೆದ ಅಳಿಯ, ಆಮೇಲೆ ಕಾಲು ಚಾಚಿ ಮಲಗುವುದಕ್ಕೆ ಆ ಮನೆಯಲ್ಲಿ ಜಾಗವಿರಲಿಲ್ಲ. ಐವತ್ತೊಂಬತ್ತನೆಯ ಇಸವಿಯ ಆ ಬೇಸಗೆಯಲ್ಲಿ ಆಸ್ಯಮ್ಮನ ತಲೆಯೊಳಗೆ ಕೂತು ಕೊರೆಯುತ್ತಿದ್ದ ಚಿಂತೆ ಇದೊಂದೇ.

ಮನೆ ಎಂದರೆ ಎಂಥ ಮನೆ! ಅಡಿಕೆ ವ್ಯಾಪಾರಿಯೊಬ್ಬನ ಗೋದಾಮಿನ ಬೆನ್ನಿಗೆ ಅಂಟಿಕೊಂಡಿದ್ದ ಬಿಡಾರಗಳ ಸಾಲಿನಲ್ಲಿ ಒಂದು. ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಯ ಮೂಲೆ, ಮುಂದೆ ಇಬ್ಬರು ಕೂತು ಬೀಡಿ ಕಟ್ಟುವಷ್ಟು ಜಗಲಿ. ಅಷ್ಟರೊಳಗೆ ಆಸ್ಯಮ್ಮ, ಅವಳ ಗಂಡ ಅಬ್ದುಲ್ ಶುಕೂರ್, ಮಗಳು ಸೈನಬ, ಮತ್ತೆ ಆಸ್ಯಮ್ಮನ ತಾಯಿ ಬೀಪಾತುಮ್ಮ. ಶುಕೂರ್ ಕಮಲಾಕ್ಷ ಶೆಟ್ಟರ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವವನು. ತಾಯಿ ಮಗಳು ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರು. ಬೀಪಾತುಮ್ಮನ ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಚುರುಕು, ನಾಲಗೆ ಅದಕ್ಕಿಂತಲೂ ಚುರುಕು.

ಅವರ ಕಡೆಯ ಪದ್ಧತಿಯಲ್ಲಿ ಮದುವೆಯಾದ ಹುಡುಗಿ ತಾಯಿಯ ಮನೆಯಲ್ಲೇ ಉಳಿಯುತ್ತಾಳೆ. ಸಂಜೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ. ಹಾಗೆ ಬರುವ ಪುದಿಯಾಪ್ಲೆಗೆ, ಅಂದರೆ ಹೊಸ ಅಳಿಯನಿಗೆ, ಪರದೆ ಕಟ್ಟಿದ ಒಂದು ಕೋಣೆ ಇರಬೇಕು. ಅದರಲ್ಲಿ ಮಂಚ, ಮಂಚದ ಮೇಲೆ ಕಸೂತಿಯ ಹೊದಿಕೆ. ಆ ಕೋಣೆಗೆ ಮನೆಯ ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಬಡವರೂ ಹೇಗಾದರೂ ಮಾಡಿ ಮೊದಲು ಆ ಕೋಣೆಯನ್ನು ಎಬ್ಬಿಸುತ್ತಾರೆ, ಆಮೇಲೆ ಹುಡುಗನನ್ನು ನೋಡುತ್ತಾರೆ. ಶುಕೂರ್ ಉಲ್ಟಾ ಮಾಡಿದ. ಒಳ್ಳೆಯ ಹುಡುಗ ಸಿಕ್ಕಿದನೆಂದು ಮೊದಲು ಮದುವೆ ಮುಗಿಸಿದ. ಮದುವೆಯ ದಿನಗಳಿಗೆ ಗೋದಾಮಿನ ಧಣಿಯ ಮಾಳಿಗೆಯ ಕೋಣೆಯನ್ನು ಕೇಳಿ ಪಡೆದಿದ್ದರು. ಆಮೇಲೆ ಹೇಗೆ ಎಂದು ಹುಡುಗನ ಕಡೆಯವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಹುಡುಗ ಬದ್ರುದ್ದೀನ್, ತೋಡಾರಿನವನು. ಇಬ್ರಾಹಿಂ ಖಲೀಲ್ ಸಾಹುಕಾರರ ಲಾರಿಯ ಡ್ರೈವರ್. ಬಂಟ್ವಾಳದಲ್ಲಿ ಅಕ್ಕಿ ತುಂಬಿಕೊಂಡು, ಬೆಳ್ತಂಗಡಿ ದಾಟಿ, ಚಾರ್ಮಾಡಿ ಘಾಟಿ ಹತ್ತಿ ಹೋಗಿ, ವಾರದಲ್ಲಿ ಒಂದೆರಡು ಸಲ ಪೇಟೆಗೆ ಮರಳುತ್ತಿದ್ದ. ಮೊದಮೊದಲು ಅವನು ಬಂದ ಸಂಜೆ ಶುಕೂರ್ ಚಾಪೆ ಸುತ್ತಿಕೊಂಡು, "ಮಿಲ್ಲಿನ ಜಗಲಿಯಲ್ಲಿ ಗಾಳಿ ಚಂದ ಉಂಟು" ಎಂದು ಹೊರಡುತ್ತಿದ್ದ. ಆಸ್ಯಮ್ಮ ಮತ್ತು ಬೀಪಾತುಮ್ಮ ಅಡುಗೆಯ ಮೂಲೆಯಲ್ಲಿ ಪಾತ್ರೆಗಳ ನಡುವೆ ಮುದುರಿಕೊಳ್ಳುತ್ತಿದ್ದರು. ಮುದುಕಿಗೆ ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿ ನುಂಗಿಕೊಳ್ಳಬೇಕಿತ್ತು. ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ಬೆಳಿಗ್ಗೆ ಬದ್ರುದ್ದೀನ್ ಅಕ್ಕಿ ತುಂಬಿಸಲು ಮಿಲ್ಲಿಗೆ ಹೋದಾಗ, ಖಾಲಿ ಗೋಣಿಗಳ ಮೇಲೆ ಮುದುಡಿ ಮಲಗಿದ್ದ ಮಾವನನ್ನು ಕಣ್ಣಾರೆ ಕಂಡ. ಅಲ್ಲಿ ಗಾಳಿಯೂ ಇರಲಿಲ್ಲ, ಗೀಳಿಯೂ ಇರಲಿಲ್ಲ, ಸೊಳ್ಳೆ ಮಾತ್ರ ಇತ್ತು. ಅಂದಿನಿಂದ ಅವನು ಬರುತ್ತಿದ್ದ, ಉಣ್ಣುತ್ತಿದ್ದ, ಹೊರಡುತ್ತಿದ್ದ.

"ಇವತ್ತಾದರೂ ಉಳಿಯುವುದಲ್ವಾ?" ಎಂದು ಆಸ್ಯಮ್ಮ ಬಾಗಿಲ ಮರೆಯಿಂದಲೇ ಕೇಳುತ್ತಿದ್ದಳು.

"ಇಲ್ಲ ಮಾಮಿ. ಲೋಡು ಉಂಟು. ಬೆಳಗಾಗುವ ಮೊದಲು ಚಾರ್ಮಾಡಿ ಮುಟ್ಟಬೇಕು."

"ಹೋದ ವಾರವೂ ಲೋಡು ಅಂದಿರಿ."

"ಲಾರಿಯವನಿಗೆ ಲೋಡು ಬಿಟ್ಟರೆ ಬೇರೆ ಎಂತ ಇರ್ತದೆ ಮಾಮಿ" ಎಂದು ಅವನು ನಗುತ್ತಿದ್ದ. ಚಪ್ಪಲಿ ಮೆಟ್ಟುವ ನೆವದಲ್ಲಿ ಒಂದು ಗಳಿಗೆ ಬಗ್ಗಿ ನಿಲ್ಲುತ್ತಿದ್ದ. ಒಳಗೆ ಸೈನಬ ಬಳೆ ಸದ್ದು ಮಾಡುತ್ತಿದ್ದಳು. ಅವರಿಬ್ಬರ ಸಂಸಾರ ಅಷ್ಟಕ್ಕೇ ಬಂದು ನಿಂತಿತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ನೋಡಿ.

ಸೈನಬ ಬಾಯಿ ಬಿಟ್ಟು ಏನೂ ಹೇಳುವವಳಲ್ಲ. ಆದರೆ ರಸ್ತೆಯಲ್ಲಿ ಲಾರಿ ಹೋದರೆ ಅವಳ ಕೈಯಲ್ಲಿದ್ದ ಬೀಡಿ ಎಲೆ ನಿಂತುಬಿಡುತ್ತಿತ್ತು. ಸದ್ದು ಬೇರೆ ಲಾರಿಯದ್ದಾದರೆ ಮತ್ತೆ ಕೈ ಓಡುತ್ತಿತ್ತು. ಪಕ್ಕದಲ್ಲೇ ಕೂತ ಆಸ್ಯಮ್ಮನಿಗೆ ಇದೆಲ್ಲ ಕಾಣದೆ ಇರುತ್ತದೆಯೆ? ತಾನು ಮದುವೆಯಾದಾಗ ಬೀಪಾತುಮ್ಮನ ಹಳೆಯ ಮನೆಯಲ್ಲಿ ತನಗೂ ಶುಕೂರನಿಗೂ ಒಂದು ಕೋಣೆಯಿತ್ತು. ಆ ಮನೆ ಗೇಣಿಯ ಜಾಗದ ಜೊತೆ ಕೈಬಿಟ್ಟು ಹೋಯಿತು. ತನಗೆ ದೊರೆತ ಸುಖ ಮಗಳಿಗೆ ದೊರೆಯಲಿಲ್ಲ ಎಂಬುದೇ ಅವಳಿಗೆ ಸಂಕಟ.

ಒಂದು ದಿನ ತೋಡಾರಿನಿಂದ ಬದ್ರುದ್ದೀನನ ತಾಯಿ ಹೇಳಿ ಕಳಿಸಿದಳು, ಬಂಟ್ವಾಳದಲ್ಲಿ ತೊಂದರೆಯಿದ್ದರೆ ಹುಡುಗಿಯನ್ನು ಇಲ್ಲಿಗೇ ಕಳಿಸಿ ಎಂದು. ಬೀಪಾತುಮ್ಮ ಕುಣಿದುಬಿಟ್ಟಳು.

"ನಮ್ಮ ಮನೆಯ ಹೆಣ್ಣು ಯಾವತ್ತು ಅತ್ತೆಮನೆಯಲ್ಲಿ ಬಿದ್ದುಕೊಂಡಿದ್ದಾಳೆ? ಅಲ್ಲಿ ಅವರೇ ಒಬ್ಬರ ಮೇಲೊಬ್ಬರು ಮಲಗ್ತಾರೆ. ನಾದಿನಿಯರ ಕಾಲ ಕೆಳಗೆ ಇವಳು ಚಾಪೆ ಹಾಸುವುದಾ?"

"ಹಾಗಾದರೆ ಇಲ್ಲಿ ಯಾರ ಕಾಲ ಕೆಳಗೆ ಹಾಸುವುದು ಉಮ್ಮಮ್ಮ?" ಎಂದಳು ಸೈನಬ. ಅಷ್ಟು ದಿನಕ್ಕೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಮೊರದಲ್ಲಿದ್ದ ಹೊಗೆಸೊಪ್ಪನ್ನು ಬದಿಗೆ ದೂಡಿ ಎದ್ದು ಬಾವಿಕಟ್ಟೆಗೆ ಹೋದಳು.

ಹೀಗಿರುವಾಗ ಪೇಟೆಯಲ್ಲಿ ಹೊಸ ಸುದ್ದಿ ಹುಟ್ಟಿತು. ಪೇಟೆಯ ವ್ಯಾಪಾರ ಬೆಳೆದ ಹಾಗೆ ಬಿಡಾರಗಳನ್ನು ಕೆಡವಿ ಗೋದಾಮು ಕಟ್ಟುವ ಹುಚ್ಚು ಎಲ್ಲರಿಗೂ ಹಿಡಿದಿತ್ತು. ಮೂಟೆ ಹೊರುವವರು, ಹಂಚಿನ ಕಾರ್ಖಾನೆಯವರು, ದೋಣಿಯವರು ದೂರದೂರದ ಗುಡ್ಡಗಳಾಚೆಯಿಂದ ನಡೆದು ಬರಬೇಕಾಯಿತು. ಕೆಲವರು ಸಾಕಪ್ಪ ಎಂದು ಮಂಗಳೂರಿಗೆ ಹೋದರು. ಆಗ ಕಮಲಾಕ್ಷ ಶೆಟ್ಟರಿಗೆ ಜ್ಞಾನೋದಯವಾಯಿತು. ಧರ್ಮಬುದ್ಧಿ ಎಷ್ಟು, ಮಿಲ್ಲಿನ ಚಿಂತೆ ಎಷ್ಟು ಎಂದು ತೂಗಿ ನೋಡುವುದು ಬೇಡ, ಅಂತೂ ಮನುಷ್ಯ ಪೇಟೆಯ ಮೇಲಿನ ಗುಡ್ಡೆಯಲ್ಲಿ ತನ್ನ ಜಾಗ ಬಿಟ್ಟುಕೊಟ್ಟ. ಖಲೀಲ್ ಸಾಹುಕಾರರು ಕಲ್ಲು ಮರ ಸಾಗಿಸಲು ಲಾರಿ ಕೊಟ್ಟರು. ಉಳಿದ ವ್ಯಾಪಾರಿಗಳು ತಲೆಗೊಂದಿಷ್ಟು ಹಾಕಿದರು. ಮನೆ ಸಮಿತಿ ಎಂದು ಒಂದಾಯಿತು. ಕೂಲಿಯವನ ಕೈಗೆ ಎಟಕುವ ಬಾಡಿಗೆ, ಬಾಡಿಗೆ ಕೊಡುತ್ತಿರುವವರೆಗೆ ಯಾರೂ ಎಬ್ಬಿಸುವ ಹಾಗಿಲ್ಲ, ಒಳಬಾಡಿಗೆಗೆ ಕೊಡುವ ಹಾಗಿಲ್ಲ ಎಂಬ ಕರಾರು. ಸಾಲಾಗಿ ಕೆಂಪುಕಲ್ಲಿನ ಮನೆಗಳು ಎದ್ದವು. ಒಂದೊಂದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ.

ಸುದ್ದಿ ತಂದವನು ಶುಕೂರ್. ಆಗ ರಂಝಾನ್ ತಿಂಗಳು. ಉಪವಾಸ ಬಿಡುವ ಹೊತ್ತಿಗೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಹೇಳಿದ.

"ಎರಡು ಕೋಣೆ ಮಾಡುವ ಎಂದರಂತೆ ಖಲೀಲ್ ಸಾಹುಕಾರ್ರು. ಶೆಟ್ಟರು ಒಪ್ಪಲಿಲ್ಲ. ಎರಡೆರಡು ಕೋಣೆ ಮಾಡಿದರೆ ಅರ್ಧ ಜನಕ್ಕೆ ಮನೆಯೇ ಸಿಗ್ಲಿಕ್ಕಿಲ್ಲ ಅಂದರಂತೆ."

"ಒಂದು ಕೋಣೆ ನಮಗೆ ಎಂತಕ್ಕೆ? ಅದು ಇಲ್ಲಿಯೂ ಉಂಟಲ್ಲ" ಎಂದಳು ಬೀಪಾತುಮ್ಮ.

"ಅಲ್ಲಿ ಹಿಂದೆ ಜಾಗ ಉಂಟು ಮಾಮಿ. ತೆಂಗಿನ ಮಡಲು ಕಟ್ಟಿ ಒಂದು ಮಾಡು ಇಳಿಸಿಕೊಳ್ಳಬಹುದು. ಇಲ್ಲಿ ಹಿಂದೆ ಗೋದಾಮಿನ ಗೋಡೆ."

ಆಸ್ಯಮ್ಮ ಗಂಜಿ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಳು. ಹಿಂದೆ ಮಡಲಿನ ಮಾಡು, ತಾವು ಮೂವರು ಅದರಡಿಯಲ್ಲಿ. ಮುಂದಿನ ಕೋಣೆಗೆ ಪರದೆ. ಪೆರ್ನಾಲ್ ಹಬ್ಬಕ್ಕೆ ಅಳಿಯ ಬಂದು ಉಂಡು, ಚಪ್ಪಲಿ ಬಿಚ್ಚಿಟ್ಟು, ಒಳಗೆ ಹೋಗಿ ಮಲಗುತ್ತಾನೆ. ಅಷ್ಟೆಲ್ಲ ಅವಳಿಗೆ ನಿಂತಲ್ಲೇ ಕಂಡುಬಿಟ್ಟಿತು.

"ಯಾರಿಗೆ ಕೊಡ್ತಾರಂತೆ?" ಎಂದು ಕೇಳಿದಳು.

"ಯಾರಿಗೆ ಹೆಚ್ಚು ಕಷ್ಟವೋ ಅವರಿಗೆ. ಸಮಿತಿಯವರು ಬಂದು ಕಣ್ಣಾರೆ ನೋಡ್ತಾರೆ. ನಾಳೆ ನಮ್ಮ ಸಾಲಿಗೆ ಬರ್ತಾರಂತೆ. ಶೆಟ್ಟರು, ಖಲೀಲ್ ಸಾಹುಕಾರ್ರು ಇಬ್ಬರೂ."

ಖಲೀಲ್ ಸಾಹುಕಾರರು ಎಂದೊಡನೆ ಆಸ್ಯಮ್ಮ ಸೌಟನ್ನು ಕೆಳಗಿಟ್ಟಳು. ಅವರ ಮನೆ ತೋಡಾರಿನಲ್ಲಿ. ಬದ್ರುದ್ದೀನನ ತಾಯಿಯ ಮನೆಯ ಅಂಗಳಕ್ಕೂ ಅವರ ಮನೆಯ ಅಂಗಳಕ್ಕೂ ನಡುವೆ ಒಂದು ಬೇಲಿ ಅಷ್ಟೆ. ಇಲ್ಲಿ ಕಂಡದ್ದು ಅಲ್ಲಿಗೆ ತಲುಪಲು ಎಷ್ಟು ಹೊತ್ತು? ಅಳಿಯನಿಗೊಂದು ಕೋಣೆಯಿಲ್ಲ, ಮಾವ ಗೋಣಿಯ ಮೇಲೆ ಮಲಗುತ್ತಾನೆ ಎಂದು ಊರೆಲ್ಲ ಆಡಿಕೊಂಡರೆ ಮುಖ ಎಲ್ಲಿಡುವುದು?

ಮಾರನೆಯ ಬೆಳಿಗ್ಗೆ ಶುಕೂರ್ ಮಿಲ್ಲಿಗೆ ಹೋದ. ಇತ್ತ ಆಸ್ಯಮ್ಮ ಸೊಂಟಕ್ಕೆ ಸೆರಗು ಬಿಗಿದಳು. ಬೀಪಾತುಮ್ಮ ಕೂತಲ್ಲಿಂದಲೇ ಆಜ್ಞೆ ಹೊರಡಿಸಿದಳು. ಪಾತ್ರೆ ಪಡಗ, ಹಳೆ ಚಾಪೆ, ಬೀಡಿಯ ಮೊರ, ಎಲೆಯ ಕಟ್ಟು, ಎಲ್ಲವೂ ಪಕ್ಕದ ಬಿಡಾರದ ಸೇಸಮ್ಮನ ಮನೆಗೆ ಸಾಗಿತು. ಸೇಸಮ್ಮನ ಮಂಚ ಇಲ್ಲಿಗೆ ಬಂತು. ಅದರ ಮೇಲೆ ಮದುವೆಯ ಹೊದಿಕೆ ಹಾಸಿದಳು. ಮದುವೆಗೆ ಕೊಂಡ ಪರದೆಯನ್ನು ಟ್ರಂಕಿನಿಂದ ತೆಗೆದು ಕಟ್ಟಿದಳು. ನೆಲವನ್ನು ತೊಳೆದು ಒರೆಸಿದಳು.

ಸೇಸಮ್ಮ ಮಂಚದ ಕಾಲು ಹಿಡಿದು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲ ಆಸ್ಯಮ್ಮ, ಅವರು ಕಷ್ಟ ನೋಡ್ಲಿಕ್ಕೆ ಬರುವುದು ಮಾರಾಯ್ತಿ. ನೀನು ಮದುವೆಮನೆ ಮಾಡಿಟ್ಟೆಯಲ್ಲ!"

"ಮನೆಗೆ ಬರುವವರಿಗೆ ಹರಕು ಚಾಪೆ ತೋರಿಸುವುದಾ ಸೇಸಮ್ಮ?"

"ನಾನಂತೂ ತೋರಿಸ್ತೇನೆ. ಹರಕನ್ನೂ ತೋರಿಸ್ತೇನೆ, ಸೋರುವ ಹಂಚನ್ನೂ ತೋರಿಸ್ತೇನೆ. ಬೇಕಾದರೆ ಸ್ವಲ್ಪ ಅಳ್ತೇನೆ ಕೂಡ."

"ನಿನಗೆ ಸಲ್ಲುತ್ತದೆ. ನನಗೆ ಬೀಗರ ಕಡೆಯವರು ಬರ್ತಾ ಇದ್ದಾರೆ" ಎಂದಳು ಆಸ್ಯಮ್ಮ. ಕಂಡವರು ಹೇಳದೆಯೇ ತಿಳಿದುಕೊಳ್ಳುತ್ತಾರೆ, ಕೂಲಿಯವನ ಮನೆಯಲ್ಲಿ ಎಷ್ಟು ಸುಖವಿದ್ದೀತೆಂದು ಯಾರಿಗೆ ಗೊತ್ತಿಲ್ಲ, ಎಂಬ ಧೈರ್ಯ ಅವಳಿಗೆ. ಮರ್ಯಾದಸ್ಥರ ನಡುವೆ ಒಬ್ಬರು ತೊಂದರೆಯಿಲ್ಲ ಎನ್ನಬೇಕು, ಇನ್ನೊಬ್ಬರು ಇದೆ ಎಂದು ತಿಳಿಯಬೇಕು. ಅವಳು ಬೆಳೆದ ರೀತಿ ಅದು.

ಮಧ್ಯಾಹ್ನ ಅವರಿಬ್ಬರೂ ಬಂದರು. ಕಮಲಾಕ್ಷ ಶೆಟ್ಟರು ಕೊಡೆ ಮಡಚಿ ಜಗಲಿಯಲ್ಲೇ ನಿಂತು ಒಳಗೆ ಕಣ್ಣಾಡಿಸಿದರು. ಖಲೀಲ್ ಸಾಹುಕಾರರು ಸಲಾಂ ಹೇಳಿ, ನೆಲ ನೋಡುತ್ತ ನಿಂತರು. ಆಸ್ಯಮ್ಮ ಪರದೆಯ ಪಕ್ಕದಿಂದಲೇ ಉತ್ತರ ಕೊಟ್ಟಳು.

"ಈ ಕೋಣೆ ಯಾರದ್ದಮ್ಮ?" ಎಂದರು ಶೆಟ್ಟರು.

"ಅಳಿಯಂದು."

"ಅವರು ಇಲ್ಲಿಯೇ ಇರ್ತಾರಾ?"

"ಇಲ್ಲಿಯೇ. ಬೇರೆ ಎಲ್ಲಿ ಇರ್ತಾರೆ? ಊಟ, ನಿದ್ರೆ ಎಲ್ಲ ಇಲ್ಲಿಯೇ."

"ನೀವೆಲ್ಲ?"

"ನಮಗೆ ಒಳಗೆ ಬೇಕಾದಷ್ಟು ಜಾಗ ಉಂಟು."

"ಹಾಗಾದರೆ ತೊಂದರೆ ಅಂತ ಏನೂ ಇಲ್ಲ?"

ಒಳಗೆ ಅಡುಗೆಯ ಮೂಲೆಯಲ್ಲಿ ಸೈನಬ ಕಿವಿಗೊಟ್ಟಳು. ಆಸ್ಯಮ್ಮ ಪರದೆಯ ಮಡಿಕೆ ಸರಿಮಾಡಿದಳು. ಖಲೀಲ್ ಸಾಹುಕಾರರು ತಲೆಯೆತ್ತಿ, ಈಗಲಾದರೂ ಏನೋ ಹೇಳಿಯಾಳು ಎಂಬಂತೆ ಕಾದರು.

"ಅಲ್ಲಾಹುವಿನ ದಯೆ. ಏನೂ ತೊಂದರೆ ಇಲ್ಲ" ಎಂದಳು ಆಸ್ಯಮ್ಮ.

ಶೆಟ್ಟರು ಒಳ್ಳೆಯದಾಯಿತು ಎಂದು ಕೊಡೆ ಬಿಚ್ಚಿದರು. ಪಕ್ಕದ ಬಿಡಾರದಲ್ಲಿ ಸೇಸಮ್ಮ ತನ್ನ ಮನೆಯ ಸಾಮಾನಿನ ಜೊತೆ ಆಸ್ಯಮ್ಮನ ಸಾಮಾನನ್ನೂ ತುಂಬಿಕೊಂಡು ಕಾಲಿಡಲು ಜಾಗವಿಲ್ಲದಂತೆ ಕೂತಿದ್ದಳು. ಅಲ್ಲಿ ಅವರಿಬ್ಬರೂ ಬಹಳ ಹೊತ್ತು ನಿಂತರು.

ಪೆರ್ನಾಲಿಗೆ ವಾರವಿದೆ ಎನ್ನುವಾಗ ಸೇಸಮ್ಮ ಬಂದು ಹೇಳಿದಳು. ಅವಳಿಗೆ ಮನೆ ಸಿಗುವುದು ನಿಶ್ಚಯವಾಗಿತ್ತು. ನಾಳೆ ಮಿಲ್ಲಿನ ಅಂಗಳದಲ್ಲಿ ಮನೆ ಸಿಕ್ಕಿದವರ ಹೆಸರು ಕೂಗುತ್ತಾರೆ. ಶುಕೂರನ ಹೆಸರು ಅದರಲ್ಲಿಲ್ಲ. ಹೇಳುವಾಗ ಸೇಸಮ್ಮನ ಮುಖದಲ್ಲಿ ಸಂತೋಷವೇ ಇರಲಿಲ್ಲ. ಮಂಚ ಕೊಟ್ಟವಳು ತಾನಲ್ಲವೆ ಎಂಬ ಸಂಕೋಚ ಅವಳಿಗೆ.

ಅಂದು ಶುಕೂರ್ ಉಪವಾಸ ಬಿಟ್ಟು ಗಂಜಿಯ ಬಟ್ಟಲನ್ನು ಮುಟ್ಟಲಿಲ್ಲ.

"ಅಳಿಯ ಇಲ್ಲಿಯೇ ಮಲಗ್ತಾನೆ ಅಂದೆಯಂತೆ."

"ಅಂದೆ."

"ನಾನು ಎಲ್ಲಿ ಮಲಗುವುದು ಅಂತ ಹೇಳಿದೆ?"

ಆಸ್ಯಮ್ಮ ಬಟ್ಟಲನ್ನು ಅವನ ಹತ್ತಿರ ಸರಿಸಿದಳು.

"ಇಷ್ಟು ವರ್ಷ ನನ್ನ ಬೆನ್ನಿನ ಮೇಲೆ ಈ ಪೇಟೆಯ ಅಕ್ಕಿ ಹೋಗಿದೆ. ಅವರಾಗಿ ಬಾಗಿಲಿಗೆ ಬಂದು ಎಂತ ಬೇಕು ಅಂತ ಕೇಳಿದರು. ನೀನು ಮಂಚ ತೋರಿಸಿದೆ."

"ತೋಡಾರಿನವರ ಎದುರು ನಮಗೆ ಗತಿಯಿಲ್ಲ ಅನ್ನಬೇಕಿತ್ತಾ ಅವಳು?" ಎಂದು ಬೀಪಾತುಮ್ಮ ನಡುವೆ ಬಂದಳು. "ಮರ್ಯಾದೆ ಅಂತ ಒಂದು ಉಂಟೋ ಇಲ್ಲವೋ?"

"ಮರ್ಯಾದೆಯ ಮೇಲೆ ನೀವು ಮಲಗಿ ಮಾಮಿ. ನನಗೆ ಗೋಣಿ ಸಾಕು."

ಅಷ್ಟರಲ್ಲಿ ಸೈನಬ ಒಳಗಿನಿಂದ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಆಸ್ಯಮ್ಮನಿಗೆ ಸುಲಭವಾಗುತ್ತಿತ್ತು.

"ಉಮ್ಮ, ಪೆರ್ನಾಲ್ ಕಳೆದ ಮೇಲೆ ನನ್ನನ್ನು ತೋಡಾರಿಗೆ ಕಳಿಸಿ. ನಾದಿನಿಯರ ಕಾಲ ಕೆಳಗೆ ಆದರೂ ಅಡ್ಡಿಯಿಲ್ಲ. ಅಲ್ಲಿ ಅವರು ಬಂದು ಹೋಗುವುದಾದರೂ ಕಾಣ್ತದೆ. ಇಲ್ಲಿ ನನಗೆ ಮದುವೆಯಾಗಿದೆ ಅಂತ ನನಗೇ ಮರೆತು ಹೋಗ್ತದೆ."

ಆಸ್ಯಮ್ಮ ಬಟ್ಟಲುಗಳನ್ನು ಎತ್ತಿಕೊಂಡು ಹಿಂದೆ ಹೋದಳು. ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆದಳು. ಮಗಳು ತನ್ನನ್ನು ಬಿಟ್ಟು ಹೋಗುತ್ತಾಳೆಂಬ ದುಃಖಕ್ಕಿಂತ, ಅವಳ ಮಾತಿನಲ್ಲಿ ತಪ್ಪೇ ಇಲ್ಲವಲ್ಲ ಎಂಬುದು ಹೆಚ್ಚು ಸುಟ್ಟಿತು.

ಮರುದಿನ ಮಿಲ್ಲಿನ ಅಂಗಳದಲ್ಲಿ ಬೇಯಿಸಿದ ಭತ್ತವನ್ನು ಒಂದು ಬದಿಗೆ ಗುಡಿಸಿ ಜನ ಕೂತಿದ್ದರು. ಗಂಡಸರು ನಡುವೆ, ಹೆಂಗಸರು ಗೋಡೆಯ ಬದಿಗೆ. ಆಸ್ಯಮ್ಮ ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು ಸೇಸಮ್ಮನ ಹಿಂದೆ ನಿಂತಿದ್ದಳು. ಹೆಸರುಗಳನ್ನು ಕೂಗಿ ಮುಗಿಸಿದ ಶೆಟ್ಟರು, ಕೊನೆಯ ಮನೆಯನ್ನು ಕಾವಲುಗಾರನಿಗೆ ಇಟ್ಟುಕೊಂಡಿದ್ದೇವೆ, ಯಾರಿಗಾದರೂ ಏನಾದರೂ ಹೇಳಲಿಕ್ಕುಂಟಾ ಎಂದು ಕೇಳಿದರು. ಹಾಗೆ ಕೇಳುವುದು ಸಭೆಯ ಮರ್ಯಾದೆ. ಯಾರೂ ಹೇಳುವುದಿಲ್ಲ ಎಂದೇ ಕೇಳುವುದು.

"ಉಂಟು" ಎಂದಳು ಆಸ್ಯಮ್ಮ.

ಗಂಡಸರೆಲ್ಲ ತಿರುಗಿ ನೋಡಿದರು. ಶುಕೂರ್ ಎದ್ದೇಬಿಟ್ಟ. ಅವಳು ಸೇಸಮ್ಮನ ಹಿಂದಿನಿಂದ ಮುಂದೆ ಬಂದಳು.

"ಆವತ್ತು ನೀವು ಬಂದಾಗ ನಾನು ಸುಳ್ಳು ಹೇಳಿದೆ ಧಣಿ. ಆ ಮಂಚ ಸೇಸಮ್ಮನದ್ದು. ಕೋಣೆ ಒಂದೇ. ಅಳಿಯ ಬಂದರೆ ನನ್ನ ಗಂಡ ಇದೇ ಮಿಲ್ಲಿನ ಗೋಣಿಯ ಮೇಲೆ ಮಲಗುವುದು. ಅದನ್ನು ನೋಡಿದ ಮೇಲೆ ಅಳಿಯ ಮಲಗ್ಲಿಕ್ಕೇ ಬರುವುದಿಲ್ಲ. ಉಂಡು ಹೋಗ್ತಾನೆ."

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಸೇಸಮ್ಮ ಆ ಕಡೆ ತಿರುಗಿ ಕಣ್ಣು ಬಿಟ್ಟಳು, ನಗು ನಿಂತಿತು.

"ಅದನ್ನು ಅವತ್ತೇ ಹೇಳಬಹುದಿತ್ತಲ್ಲಮ್ಮ" ಎಂದರು ಶೆಟ್ಟರು. ಸಿಟ್ಟಿನಲ್ಲಲ್ಲ, ನಿಜವಾಗಿ ಅರ್ಥವಾಗದೆ.

ಆಸ್ಯಮ್ಮ ಖಲೀಲ್ ಸಾಹುಕಾರರ ಕಡೆ ನೋಡಿದಳು. "ಇವರು ತೋಡಾರಿನವರು. ಇವರ ಎದುರು ಹೇಗೆ ಹೇಳಲಿ?"

ಖಲೀಲ್ ಸಾಹುಕಾರರು ಟೊಪ್ಪಿ ತೆಗೆದು ತಲೆ ಸವರಿಕೊಂಡರು. "ನನಗೆ ಗೊತ್ತಿತ್ತು" ಎಂದರು ಮೆಲ್ಲನೆ. "ನನ್ನ ಲಾರಿಯ ಮೇಲೆ ಯಾರು ಮಲಗ್ತಾರೆ ಅಂತ ನನಗೆ ಗೊತ್ತಿಲ್ಲವಾ? ಆದರೆ ಮನೆಯ ಹೆಂಗಸು ಪರದೆ ಕಟ್ಟಿ ಇದು ಅಳಿಯನ ಕೋಣೆ ಅಂತ ತೋರಿಸುವಾಗ, ಇಲ್ಲ, ಇದು ಸುಳ್ಳು ಅಂತ ನಾನು ಹೇಗೆ ಹೇಳುವುದು? ನೀವೇ ಹೇಳ್ತೀರಿ ಅಂತ ಕಾದೆ."

ಶೆಟ್ಟರು ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿ, "ನಿಮ್ಮಿಬ್ಬರ ಮರ್ಯಾದೆಯ ನಡುವೆ ನಾನು ಎಂತ ಮಾಡಬೇಕಿತ್ತು ಮಾರಾಯ್ರೆ" ಎಂದರು. ಈಗ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ.

"ಈಗ ಮನೆ ಎಲ್ಲಿಂದ ತರುವುದು?" ಎಂದು ಶೆಟ್ಟರು ಕೇಳಿದಾಗ ಖಲೀಲ್ ಸಾಹುಕಾರರೇ ಹೇಳಿದರು. "ಕಾವಲುಗಾರ ಎಂತಕ್ಕೆ? ವಾಸ ಮಾಡುವವರೇ ಕಾವಲು. ಆ ಮನೆಯನ್ನು ಕೊಡುವ."

ಶೆಟ್ಟರು ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡರು. "ಕೊಡುವ. ಆದರೆ ಅದು ಸಾಲಿನ ಕಟ್ಟಕಡೆಯದ್ದು. ಹಿಂದೆ ಬರೀ ಬಂಡೆ. ಮಾಡು ಗೀಡು ಇಳಿಸ್ಲಿಕ್ಕೆ ಆಗುವುದಿಲ್ಲ. ಐದು ಜನ ಅಲ್ಲಿಗೆ ಹೋದರೂ ಕೋಣೆ ಒಂದೇ, ಇದೇ ಕಥೆ. ಒಂದು ಬಾಗಿಲಿಗೆ ಒಂದೇ ಹೆಸರು ಅಂತ ನಮ್ಮ ಕರಾರು. ಯಾರ ಹೆಸರಿಗೆ ಮಾಡುವ, ಶುಕೂರನ ಹೆಸರಿಗಾ, ಅಳಿಯನ ಹೆಸರಿಗಾ? ಈಗಲೇ ಹೇಳಿದರೆ ಒಳ್ಳೆಯದು."

ಶುಕೂರ್ ತನ್ನ ಕಾಲ ಹೆಬ್ಬೆರಳು ನೋಡುತ್ತ ನಿಂತ. ಆಸ್ಯಮ್ಮನಿಗೆ ಮಡಲಿನ ಮಾಡು, ಅದರಡಿಯ ಮೂರು ಚಾಪೆ, ಪರದೆ ಕಟ್ಟಿದ ಮುಂದಿನ ಕೋಣೆ ಎಲ್ಲ ಒಟ್ಟಿಗೆ ಕುಸಿದಂತಾಯಿತು. ತನ್ನ ಸೂರಿನಡಿ ಅಳಿಯನಿಗೆ ಒಂದು ಕೋಣೆ ಬೇಕೆಂದು ಅವಳು ಬಯಸಿದ್ದಳು. ಮಗಳು ಕಣ್ಣೆದುರೇ ಇರಬೇಕೆಂದು ಬಯಸಿದ್ದಳು. ಎರಡೂ ಒಂದೇ ಎಂದು ಅಲ್ಲಿಯವರೆಗೂ ತಿಳಿದಿದ್ದಳು.

"ಅವರಿಬ್ಬರಿಗೇ ಕೊಡಿ" ಎಂದಳು.

ಮನೆಗೆ ಬಂದ ಮೇಲೆ ಬೀಪಾತುಮ್ಮ ಎರಡು ದಿನ ಅವಳ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ, ಅವಳಿಗೆ ಕೇಳುವ ಹಾಗೆ ಗೋಡೆಯ ಜೊತೆ ಮಾತಾಡಿದಳು. "ಹೆಣ್ಣುಮಗುವನ್ನು ಮನೆಯಿಂದ ಹೊರಗೆ ಹಾಕಿದ ತಾಯಿ ನಮ್ಮ ಕಡೆ ಇದೇ ಮೊದಲು. ಹೆಂಡತಿಯ ಮನೆಗೆ ಬರುವುದು ಬಿಟ್ಟು ಹುಡುಗ ತಾನೇ ಬಾಡಿಗೆ ಮನೆ ಹಿಡಿಯುವುದಂತೆ. ಅವಳಿಗೆ ಹೆರಿಗೆಯಾದರೆ ಯಾರು ಬಿಸಿನೀರು ಕಾಯಿಸುವುದು, ಗುಡ್ಡೆಯ ಬಂಡೆಯಾ?"

ಬದ್ರುದ್ದೀನ್ ಚಾರ್ಮಾಡಿಯಿಂದ ಇಳಿದು ಬಂದವನು ಸುದ್ದಿ ಕೇಳಿ ಮಂಕಾಗಿ ಕೂತ.

"ಮಾಮಿ, ನಿಮ್ಮನ್ನು ಸಭೆಯಲ್ಲಿ ನಿಲ್ಲಿಸಿದ ಹಾಗಾಯಿತಲ್ಲ."

"ನಿಂತೆ, ಎಂತ ಆಯಿತು? ಕಾಲು ಉಂಟಲ್ಲ" ಎಂದಳು ಆಸ್ಯಮ್ಮ. "ಇವತ್ತು ಲೋಡು ಉಂಟಾ?"

ಅವನು ತಲೆ ತಗ್ಗಿಸಿದ. "ಇಲ್ಲ ಮಾಮಿ. ಯಾವತ್ತೂ ಇರಲಿಲ್ಲ."

ಪೆರ್ನಾಲಿನ ಮೊದಲೇ ಸಾಮಾನು ಗುಡ್ಡೆ ಹತ್ತಿತು. ಮದುವೆಯ ಹೊದಿಕೆ, ಪರದೆ, ಒಂದು ಟ್ರಂಕು, ಒಂದಿಷ್ಟು ಪಾತ್ರೆ, ಸೈನಬಳ ಬೀಡಿಯ ಮೊರ. ಸೇಸಮ್ಮನೂ ಅದೇ ಸಾಲಿನ ನಡುವಿನ ಮನೆಗೆ ಹೋದಳು. ಹೊರಡುವಾಗ ಸೈನಬ ತಾಯಿಯನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಒಂದು ಕಣ್ಣು ಲಾರಿಯ ಕಡೆಗಿತ್ತು. ಆಸ್ಯಮ್ಮ ಅದನ್ನು ನೋಡಿದಳು, ಸಂತೋಷಪಟ್ಟಳು, ಹೊಟ್ಟೆಕಿಚ್ಚೂ ಪಟ್ಟಳು. ಎರಡನ್ನೂ ಒಟ್ಟಿಗೆ ಅನುಭವಿಸಲು ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಮೇಲೆ ಜಗಲಿ ವಿಶಾಲವಾಯಿತು. ಆಸ್ಯಮ್ಮ ಒಬ್ಬಳೇ ಬೀಡಿ ಕಟ್ಟಿದಳು. ಶುಕೂರ್ ಕೋಣೆಯ ನಡುವೆ ಕೈಕಾಲು ಚಾಚಿ ಮಲಗಿದ. ಬೀಪಾತುಮ್ಮ ಮನಸಾರೆ ಕೆಮ್ಮಿದಳು. ಆರಾಮ ಎಂದರೆ ಆರಾಮವೇ. ಆದರೆ ಅನ್ನಕ್ಕೆ ಅಕ್ಕಿ ಹಾಕುವಾಗ ಆಸ್ಯಮ್ಮನ ಕೈ ತಪ್ಪದೆ ಹೆಚ್ಚು ಹಾಕುತ್ತಿತ್ತು. ಉಳಿದ ಅನ್ನಕ್ಕೆ ನೀರು ಹೊಯ್ದು ಬೆಳಿಗ್ಗೆ ತಾನೇ ಉಣ್ಣುತ್ತಿದ್ದಳು.

ಪೆರ್ನಾಲಿನ ದಿನ ಮೂವರೂ ಗುಡ್ಡೆ ಹತ್ತಿದರು. ಶುಕೂರ್ ಬೀಪಾತುಮ್ಮನ ಕೈ ಹಿಡಿದಿದ್ದ. ಮುದುಕಿ ದಾರಿಯುದ್ದಕ್ಕೂ ಬಂಡೆಗಳನ್ನು ಬೈದಳು. ಆಸ್ಯಮ್ಮನ ತಲೆಯ ಮೇಲೆ ಪತ್ತಿರಿಯ ಬುಟ್ಟಿ. ಮಗಳ ಮನೆಗೆ ಹೀಗೆ ನೆಂಟಳ ಹಾಗೆ ಹೋಗುವುದು ಅವಳಿಗೆ ಗೊತ್ತಿಲ್ಲದ ಕೆಲಸ. ಬಾಗಿಲಲ್ಲಿ ಒಳಗೆ ಹೋಗುವುದೋ, ಕರೆಯುವವರೆಗೆ ಕಾಯುವುದೋ ತಿಳಿಯದೆ ನಿಂತಳು. ಕೋಣೆಗೆ ಪರದೆ ಕಟ್ಟಿತ್ತು. ಬದ್ರುದ್ದೀನ್ ಬರಿಮೈಯಲ್ಲಿ ಕೊಡಪಾನ ಎತ್ತಿಕೊಂಡು ಬಾವಿಯಿಂದ ನೀರು ತರುತ್ತಿದ್ದ. ಅತ್ತೆಯನ್ನು ಕಂಡು ನಾಚಿ ಅಂಗಿ ಹುಡುಕಿದ. ಈ ಮನೆಯಲ್ಲಿ ಅವನು ಅಳಿಯನಾಗಿರಲಿಲ್ಲ, ಯಜಮಾನನಾಗಿದ್ದ.

"ಕೂತುಕೊಳ್ಳಿ ಉಮ್ಮ, ನೀವು ಎಂತ ಮಾಡುವುದು ಬೇಡ" ಎಂದಳು ಸೈನಬ. ಅವಳ ಮುಖದಲ್ಲಿ ತುಂಬಿ ಚೆಲ್ಲುವಂಥ ಬೆಳಕಿತ್ತು. ಆಸ್ಯಮ್ಮ ಕೂತಳು. ಮಗಳು ಬಡಿಸಿದಳು, ಇವಳು ಉಂಡಳು. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಹೇಳಲಿಲ್ಲ. ಬೀಪಾತುಮ್ಮ ಗೋಡೆ ತಡವಿ, ಕಲ್ಲು ಗಟ್ಟಿಯಾಗಿಯೇ ಉಂಟು ಎಂದು ಒಪ್ಪಿಗೆ ಕೊಟ್ಟಳು.

ಬಿಸಿಲು ಇಳಿದ ಮೇಲೆ ಹೊರಡಲು ಎದ್ದಾಗ ಸೈನಬ ತಾಯಿಯ ಸೆರಗು ಹಿಡಿದಳು.

"ಬಾಪನೂ ಉಮ್ಮಮ್ಮನೂ ಹೋಗಲಿ. ನೀವು ಇವತ್ತೊಂದು ದಿನ ಇಲ್ಲಿಯೇ ಉಳಿಯಿರಿ ಉಮ್ಮ. ನಾವಿಬ್ಬರು ಒಟ್ಟಿಗೆ ಮಲಗಿ ಎಷ್ಟು ದಿನ ಆಯಿತು."

ಆಸ್ಯಮ್ಮನಿಗೆ ಉಳಿಯಬೇಕು ಅನ್ನಿಸಿತು. ಎತ್ತಿದ್ದ ಬುಟ್ಟಿಯನ್ನು ಮತ್ತೆ ಕೆಳಗಿಟ್ಟಳು. ಮಗಳ ಪಕ್ಕದಲ್ಲಿ ಚಾಪೆ ಹಾಸಿ, ಅವಳ ಕೂದಲಿಗೆ ಕೈಯಿಟ್ಟು, ಏನೇನೋ ಮಾತಾಡುತ್ತ ಮಲಗಬೇಕು. ಅಂಗಳದಲ್ಲಿ ಬದ್ರುದ್ದೀನ್ ಆಗಲೇ ಗೂಟಕ್ಕೆ ಸಿಕ್ಕಿಸಿದ್ದ ಅಂಗಿಯನ್ನು ಕೈಗೆ ತೆಗೆದುಕೊಂಡಿದ್ದ.

"ನೀವು ಇರಿ ಮಾಮಿ" ಎಂದ ಅವನು. "ನಾನು ಒಮ್ಮೆ ಲಾರಿಯ ಹತ್ತಿರ ಹೋಗಿ ಬರ್ತೇನೆ."

ಆಸ್ಯಮ್ಮ ಅವನ ಕೈಯಿಂದ ಅಂಗಿ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು. ಮಗಳ ಹಿಡಿತದಿಂದ ಸೆರಗು ಬಿಡಿಸಿಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡು, ತಿರುಗಿ ನೋಡದೆ ಗುಡ್ಡೆ ಇಳಿದಳು.